ಕುಂಜ್ ಗಲಿಯ ಗದ್ದಿ, ಕೈಯೊಳಗಿನ ಅಂಗಡಿ

ಕಾಶಿಗೆ ಹೋದವರು ಗಂಗೆಯ ಗಿಂಡಿಯ ಜೊತೆಗೆ ಒಂದು ಬನಾರಸ್ ಸೀರೆಯನ್ನೂ ಕಟ್ಟಿಕೊಂಡು ಬರುವುದು ನಮ್ಮ ಕಡೆಯ ಹಳೇ ರೂಢಿ. ಜಂಗಮವಾಡಿ ಮಠದಲ್ಲಿ ಇಳಿದುಕೊಂಡ ಕನ್ನಡದ ಯಾತ್ರಿಕರಿಗೆ ನೇಕಾರರ ಮದನಪುರ ನಡೆದು ಹೋಗುವಷ್ಟು ಹತ್ತಿರ. ಈಗ ಅದೇ ಸೀರೆ ಹಾವೇರಿಯಲ್ಲೋ ಹಾಸನದಲ್ಲೋ ಕೂತವರ ಮೊಬೈಲಿನಲ್ಲಿ ಸಿಗುತ್ತದೆ. ಹಾಗಾದರೆ ಕಾಶಿಯ ಅಂಗಡಿಗಳ ಗತಿ ಏನು ಅಂತ ಊರಿನವರು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವ ಮುಂಚೆ ಆ ಅಂಗಡಿ ಎಂಥದ್ದು ಅನ್ನುವುದನ್ನು ತಿಳಿಯಬೇಕು.

ಚೌಕದ ಹತ್ತಿರದ ಕುಂಜ್ ಗಲಿ ಸಗಟು ಸೀರೆ ವ್ಯಾಪಾರದ ಹಳೆಯ ಓಣಿ. ಅಲ್ಲಿ ಅಂಗಡಿಗೆ 'ಗದ್ದಿ' ಅಂತಲೇ ಹೆಸರು. ಬಿಳಿ ಹಾಸಿನ ಮೆತ್ತೆ, ಅದರ ಮೇಲೆ ಗದ್ದೀದಾರ. ನೇಕಾರ ಹದಿನೈದು ದಿನವೋ ತಿಂಗಳೋ ಮಗ್ಗದಲ್ಲಿ ಕೂತು ನೇಯ್ದದ್ದನ್ನು ತಂದು ಮುಂದಿಡುತ್ತಾನೆ. ಗದ್ದೀದಾರ ಬಿಡಿಸಿ ನೋಡಿ, ಕಲೆ, ಗಂಟು, ತಪ್ಪಿದ ಎಳೆ ಹುಡುಕಿ ಬೆಲೆಯಲ್ಲಿ ಒಂದಿಷ್ಟು ಮುರಿಯುತ್ತಾನೆ. ಇದು 'ಕಟೌತಿ'. ಉಳಿದ ದುಡ್ಡಿಗೂ ಎಷ್ಟೋ ಸಲ ಮುಂದಿನ ತಾರೀಖಿನ ಚೆಕ್ಕು. ಮನೆಗೆ ಅಕ್ಕಿ ಬೇಕಾದದ್ದು ಇವತ್ತು. ಹಾಗಾಗಿ ಆ ಚೆಕ್ಕನ್ನು ಬಟ್ಟಾ ಮುರಿಸಿಕೊಂಡು ಇನ್ನೊಬ್ಬರಿಗೆ ಮಾರಬೇಕು. ಅಬ್ದುಲ್ ಬಿಸ್ಮಿಲ್ಲಾ ಅವರ 1986ರ ಹಿಂದಿ ಕಾದಂಬರಿ 'ಝೀನೀ ಝೀನೀ ಬೀನೀ ಚದರಿಯಾ' ಈ ನೇಕಾರರ ಬದುಕನ್ನೇ ಕುರಿತದ್ದು.

ಬ್ಯಾಂಕಿನವನ ಕಣ್ಣಿಗೆ ಇದು ಒಂದು ಬಗೆಯ ಬಿಲ್ ಡಿಸ್ಕೌಂಟಿಂಗ್. ಆದರೆ ಇಲ್ಲಿ ಸಾಲ ಕೊಡುವವನು ಬಡವ, ತಗೊಳ್ಳುವವನು ಸೇಠು, ಬಡ್ಡಿ ತೆರುವವನೂ ಆ ಬಡವನೇ! ಹಾಗಂತ ಗದ್ದಿ ಬರೀ ಶೋಷಣೆಯ ಜಾಗವಾಗಿತ್ತು ಅನ್ನುವುದೂ ಪೂರ್ತಿ ಸರಿಯಲ್ಲ. ಮಾರಾಟವಾಗದ ಮಾಲನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವನು, ಬೆಂಗಳೂರು-ಚೆನ್ನೈ ಅಂಗಡಿಗಳಿಗೆ ಉದ್ದರಿ ಕೊಡುವವನು ಗದ್ದೀದಾರನೇ. ಉಗ್ರಾಣ, ತಪಾಸಣೆ, ಬ್ಯಾಂಕು ಮೂರೂ ಒಂದೇ ಮೆತ್ತೆಯ ಮೇಲೆ ಇದ್ದವು.

ದೂರದಿಂದ ತರಿಸುವುದೂ ಹೊಸದಲ್ಲ. ನಮ್ಮ ದೇಶದಲ್ಲಿ ವಿ.ಪಿ.ಪಿ. ಶುರುವಾದದ್ದು 1877ರಲ್ಲಿ. ಅಂಚೆಯವನು ಕಟ್ಟು ಕೊಟ್ಟು ದುಡ್ಡು ಪಡೆಯುವ ಆ ಪದ್ಧತಿಯ ಮೊಮ್ಮಗನೇ ಫ್ಲಿಪ್‌ಕಾರ್ಟ್ 2010ರಲ್ಲಿ ತಂದ ಕ್ಯಾಶ್ ಆನ್ ಡೆಲಿವರಿ.

ಇನ್ನೊಂದು ವಿಷಯ. ಆನ್‌ಲೈನ್ ಅಂಗಡಿ ಬರುವ ಹೊತ್ತಿಗೆ ಕಾಶಿಯ ಮಗ್ಗ ಆಗಲೇ ಪೆಟ್ಟು ತಿಂದಿತ್ತು. ಸೂರತ್ತಿನ ಪವರ್‌ಲೂಮಿನ ನಕಲು ಒಂದು ಕಡೆ, 2001ರ ಏಪ್ರಿಲ್‌ನಲ್ಲಿ ಆಮದಿನ ಪ್ರಮಾಣದ ಮೇಲಿದ್ದ ನಿರ್ಬಂಧಗಳು ಹೋದ ಮೇಲೆ ಚೀನಾದ ಬಟ್ಟೆ ಇನ್ನೊಂದು ಕಡೆ. 2009ರಲ್ಲಿ ಬನಾರಸ್ ಸೀರೆಗೆ ಭೌಗೋಳಿಕ ಸೂಚಕದ ರಕ್ಷಣೆ ಸಿಕ್ಕಿತು. ವಾರಾಣಸಿಯೂ ಸೇರಿ ಆರು ಜಿಲ್ಲೆಗಳಲ್ಲಿ ನೇಯ್ದದ್ದಕ್ಕೆ ಮಾತ್ರ ಆ ಹೆಸರು. ಆದರೆ ಹೆಸರನ್ನು ಕಾಯುವವರು ಯಾರು?

2007ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2014ರಲ್ಲಿ ಕೈಮಗ್ಗದವರ ಮಾಲು ಮಾರಲು ಕೇಂದ್ರ ಜವಳಿ ಸಚಿವಾಲಯದೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಒಂದು ವರ್ಷ ಮುಂಚೆ ಅಮೆಜಾನ್ ಭಾರತಕ್ಕೆ ಬಂದಿತ್ತು. ದಲ್ಲಾಳಿ ತಪ್ಪಿದ, ನೇಕಾರನಿಗೆ ನೇರ ಗಿರಾಕಿ ಸಿಕ್ಕಿದ ಎಂಬ ಆಸೆ ಎಲ್ಲರದ್ದು.

ಲೆಕ್ಕ ಅಷ್ಟು ಸುಲಭವಾಗಿರಲಿಲ್ಲ. 2017ರ ಜುಲೈ 1ರಂದು ಬಂದ ಜಿಎಸ್‌ಟಿಯನ್ನೇ ನೋಡಿ. ವಹಿವಾಟು ಮಿತಿಯೊಳಗಿದ್ದರೆ ಊರೊಳಗಿನ ಸಣ್ಣ ಅಂಗಡಿಗೆ ನೋಂದಣಿ ಬೇಡ. ಅದೇ ಮಾಲನ್ನು ಆನ್‌ಲೈನ್ ಕಂಪನಿಯ ಮೂಲಕ ಮಾರಿದರೆ ಮೊದಲ ರೂಪಾಯಿಯಿಂದಲೇ ಬೇಕು. 2023ರ ಅಕ್ಟೋಬರ್ 1ರಿಂದ ಸಡಿಲಿಕೆ ಬಂತು, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಕಾಶಿ ಸೀರೆಯ ಗಿರಾಕಿ ಇರುವುದು ಬೆಂಗಳೂರಿನಲ್ಲಿ! ಇದರ ಮೇಲೆ ಕಮಿಷನ್ನು, ಸಾಗಾಣಿಕೆ. ಫೋಟೋದ ಬಣ್ಣವೇ ಬೇರೆ ಅಂತ ಗಿರಾಕಿ ಸೀರೆ ವಾಪಸ್ ಕಳಿಸಿದರೆ ಅದರ ಹೊರೆಯೂ ಬಹುಪಾಲು ಮಾರಿದವನ ತಲೆಗೆ. ಕಟೌತಿ ಹೋಗಲಿಲ್ಲ, 'ರಿಟರ್ನ್' ಅಂತ ಹೆಸರು ಬದಲಿಸಿಕೊಂಡಿತು ಅಷ್ಟೇ.

ಪರದೆ ತೋರಿಸದ ಸಂಗತಿಯೂ ಒಂದಿದೆ. ಸೀರೆಯ ಹಿಂಬದಿ. ಕಢುವಾ ನೇಯ್ಗೆಯಲ್ಲಿ ಒಂದೊಂದು ಬುಟ್ಟಾವನ್ನೂ ಬೇರೆ ಬೇರೆಯಾಗಿ ನೇಯುವುದರಿಂದ ಹಿಂದೆ ಕತ್ತರಿಸಿದ ಎಳೆ ಇರುವುದಿಲ್ಲ. ಫೇಕುವಾದಲ್ಲಿ ಎಳೆ ಅಡ್ಡಗಲಕ್ಕೂ ಓಡಿ ಆಮೇಲೆ ಕತ್ತರಿ ಬೀಳುತ್ತದೆ. ಅಂಗಡಿಯಲ್ಲಿ ಸೀರೆ ಮಗುಚಿದರೆ ಇದು ಗೊತ್ತಾಗುತ್ತದೆ. ಬೆಲೆ ಯಾಕೆ ಹೆಚ್ಚು ಅನ್ನುವುದೂ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಕಢುವಾದ ಪಕ್ಕದಲ್ಲೇ ಕೆಲವೇ ನೂರು ರೂಪಾಯಿಯ ಪಾಲಿಯೆಸ್ಟರ್ ಕೂಡ 'ಬನಾರಸಿ' ಅಂತ ನಗುತ್ತಿರುತ್ತದೆ.

2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಮಗ್ಗ, ಗದ್ದಿ ಎರಡೂ ನಿಂತವು. ಆಮೇಲೆ ಗದ್ದೀದಾರರೇ ವಾಟ್ಸಾಪಿನ ವಿಡಿಯೋದಲ್ಲಿ ಸೀರೆ ಬಿಡಿಸಿ ತೋರಿಸುವುದು ಮಾಮೂಲಾಯಿತು. ಅಂಗಡಿ ಯಾವುದು, ಆನ್‌ಲೈನ್ ಯಾವುದು ಅನ್ನುವ ಗೆರೆಯೇ ಅಲ್ಲಿ ಅಳಿಸಿಹೋಯಿತು.

ಆದ್ದರಿಂದ ಅಂಗಡಿ ಗೆದ್ದಿತೋ ಮೊಬೈಲು ಗೆದ್ದಿತೋ ಅನ್ನುವುದು ನನಗೆ ಎರಡನೆಯ ಪ್ರಶ್ನೆ. ಗದ್ದಿಯಲ್ಲೂ ದುಡ್ಡಿಗೆ ಕಾಯುವವನು ನೇಕಾರ. ಆನ್‌ಲೈನಿನಲ್ಲೂ ತಡ, ನಷ್ಟ ಎಲ್ಲಾ ಮೇಲಿನಿಂದ ಜಾರಿ ಕೊನೆಗೆ ಮಗ್ಗದ ಗುಂಡಿಗೇ ಬಂದು ಬೀಳುತ್ತವೆ. ಕೈಗೆ ಕೈ ದುಡ್ಡು ಕೊಡುವ ಸಹಕಾರ ಸಂಘವೋ, ಸೀರೆಯ ಮೇಲೆ ಅವತ್ತೇ ಮುಂಗಡ ಕೊಡುವ ಬ್ಯಾಂಕೋ ಆ ಓಣಿಗಳಲ್ಲಿ ಗಟ್ಟಿಯಾಗಿ ನಿಲ್ಲುವವರೆಗೂ ಯಾವ ಅಂಗಡಿ ಗೆದ್ದರೂ ಮದನಪುರದ ಹುಡುಗರು ಮಗ್ಗ ಬಿಟ್ಟು ಸೂರತ್ತಿನ, ಬೆಂಗಳೂರಿನ ರೈಲು ಹತ್ತುತ್ತಲೇ ಇರುತ್ತಾರೆ.