ಊರ ಕಾಳು, ಕಾಲೇಜಿನ ಅರಿವು

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಕಾಲೇಜುಗಳಿಗೂ ಸುತ್ತಲಿನ ಊರುಗಳಿಗೂ ಇರುವ ನಂಟನ್ನು ಕುರಿತ ಲೇಖನವನ್ನು ಪಟ್ಟನಾಯಕನಹಳ್ಳಿಯ ಈ ಸ್ಮರಣ ಸಂಚಿಕೆಯ ಸಮಿತಿಯು ಅಪೇಕ್ಷಿಸಿರುವುದರಿಂದ, ತುಮಕೂರು ಜಿಲ್ಲೆಯಲ್ಲಿ ಆ ನಂಟಿಗೆ ಬುನಾದಿ ಹಾಕಿದ ಸಿದ್ಧಗಂಗೆಯ ಹಿರಿಯರನ್ನು ಮೊದಲು ನೆನೆಯುವುದು ಯುಕ್ತವಾಗಿದೆ.

ತುಮಕೂರಿನ ಸಮೀಪದ ಸಿದ್ಧಗಂಗಾ ಮಠದಲ್ಲಿ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದಾಗ ಅದಕ್ಕೆ ಆಸರೆಯಾಗಿದ್ದುದು ದಾಸೋಹ, ಎಂದರೆ ದುಡಿದು ಗಳಿಸಿದ್ದನ್ನು ವಿನಯದಿಂದ ಸಮಾಜಕ್ಕೆ ಅರ್ಪಿಸುವ ಶರಣ ಪದ್ಧತಿ. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ, 1941ರಲ್ಲಿ ಉದ್ಧಾನ ಶಿವಯೋಗಿಗಳು ಲಿಂಗೈಕ್ಯರಾದ ಬಳಿಕ ಮಠದ ಹೊಣೆ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ತೆರಳಿ ಭಿಕ್ಷೆಯಾಗಿ ಪಡೆದ ದವಸಧಾನ್ಯವು ಬಡಮಕ್ಕಳ ಊಟಕ್ಕೆ ಒದಗಿತು. ಜಾತಿಮತಗಳ ಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯಗಳನ್ನು ಪಡೆದ ಆ ಮಕ್ಕಳು ಹಳ್ಳಿಗಳಿಂದಲೇ ಬಂದವರಾದುದರಿಂದ, ರಾಗಿ ಕೊಟ್ಟ ರೈತನಿಗೆ ಆ ವಿದ್ಯಾಸಂಸ್ಥೆ ತನ್ನದೆಂಬ ಅಭಿಮಾನ ಮೂಡಿತು. ಶಿವರಾತ್ರಿಯ ಜಾತ್ರೆಯಲ್ಲಿ ದನಗಳ ಪರಿಷೆಯೊಂದಿಗೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವನ್ನೂ ಏರ್ಪಡಿಸಿದುದರಿಂದ ಭಕ್ತಿಗೆಂದು ಬಂದವರಿಗೆ ತಿಳಿವಳಿಕೆಯೂ ದೊರೆಯಿತು.

1963ರಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತು. ಅನಂತರದ ದಶಕಗಳಲ್ಲಿ ಜಿಲ್ಲೆಯಾದ್ಯಂತ ಕಾಲೇಜುಗಳು ಹೆಚ್ಚಿ, 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡಿತು.

ಕಾಲೇಜುಗಳನ್ನು ಊರುಗಳೊಂದಿಗೆ ಬೆಸೆದ ಕ್ರಮಗಳಲ್ಲಿ ವಿಶೇಷವಾಗಿ ಸ್ಮರಿಸಬೇಕಾದುದು, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ದೇಶದ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ. ವಿದ್ಯಾರ್ಥಿಗಳು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಿ, ದತ್ತುಗ್ರಾಮದಲ್ಲಿ, ಎಂದರೆ ಕಾಲೇಜು ನಿರಂತರ ಸೇವೆಗಾಗಿ ಆರಿಸಿಕೊಂಡ ಊರಿನಲ್ಲಿ, ಏಳು ದಿನ ಶಿಬಿರ ಹೂಡಿ ತಂಗುವ ಈ ವ್ಯವಸ್ಥೆಯಲ್ಲಿ ಪಟ್ಟಣದ ಯುವಕಯುವತಿಯರು ಗುದ್ದಲಿ ಹಿಡಿಯುವುದನ್ನು ಕಲಿತರು, ಗ್ರಾಮಸ್ಥರು ಅವರನ್ನು ಮನೆಮಕ್ಕಳಂತೆ ಕಂಡರು. ತರಗತಿಯ ಪಾಠಕ್ಕಿಂತ ಇದು ಯಾವ ರೀತಿಯಲ್ಲೂ ಕಡಿಮೆಯ ವಿದ್ಯೆಯಲ್ಲ.

ಶಿಬಿರ ಮುಗಿದೊಡನೆ ನಂಟೂ ಮುಗಿಯದಂತೆ ನೋಡಿಕೊಳ್ಳುವುದು ಇಂದಿನ ಕರ್ತವ್ಯ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಪಾವಗಡದಂಥ ತಾಲ್ಲೂಕಿನಲ್ಲಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗವು ನೀರನ್ನು ಪರೀಕ್ಷಿಸಿ ಗ್ರಾಮಸಭೆಗೆ ತಿಳಿಸಬಹುದು. ಗ್ರಂಥಾಲಯವು ಸಂಜೆಯ ವೇಳೆ ಊರಿನವರಿಗೂ ತೆರೆದಿರಬಹುದು. ಶೇಂಗಾ ಬೆಳೆಯುವ ರೈತರು ಮಳೆ ಮತ್ತು ಮಣ್ಣಿನ ಬಗೆಗಿನ ತಮ್ಮ ಅನುಭವವನ್ನು ವಿದ್ಯಾರ್ಥಿಗಳಿಗೆ ತಿಳಿಸಬಹುದು. ಊರಿಗೆ ಬೇಕಾದುದೇನೆಂದು ಊರನ್ನೇ ಕೇಳಿ, ಕೊಡುವುದರೊಂದಿಗೆ ಪಡೆಯುವುದನ್ನೂ ರೂಢಿಸಿಕೊಂಡ ಕಾಲೇಜು ಮಾತ್ರ ಸಿದ್ಧಗಂಗೆಯ ಹಿರಿಯರ ಋಣವನ್ನು ತೀರಿಸುವ ದಾರಿಯಲ್ಲಿರುತ್ತದೆ.