ದೊಡ್ಡ ನಿರ್ಧಾರಗಳ ಭಯ: ಅದರ ಮೂಲ, ಅದನ್ನು ಅಳೆಯುವ ಬಗೆ

ಕೆಲಸ ಬಿಟ್ಟು ಸ್ವಂತ ಉದ್ದಿಮೆಗೆ ಇಳಿಯುವುದು, ಸಾಲ ಮಾಡಿ ಮನೆ ಕಟ್ಟಿಸುವುದು, ಹುಟ್ಟಿದೂರು ಬಿಡುವುದು, ಮದುವೆಗೆ ಒಪ್ಪುವುದು. ಇಂಥ ಹೊತ್ತಿನಲ್ಲಿ ಎದೆ ನಡುಗದವರು ಅಪರೂಪ. ಆ ಭಯವನ್ನು ಹೇಡಿತನವೆಂದು ಹಳಿದರೂ ಪ್ರಯೋಜನವಿಲ್ಲ, ‘ನುಗ್ಗಿಬಿಡು, ಎಲ್ಲ ಸರಿಹೋಗುತ್ತೆ’ ಎಂದು ಹುರಿದುಂಬಿಸಿದರೂ ಪ್ರಯೋಜನವಿಲ್ಲ. ಹೋಗುವುದು ಏನು, ಎಷ್ಟು, ಹಿಂತಿರುಗುವ ದಾರಿ ಉಂಟೇ ಎಂದು ಲೆಕ್ಕ ಹಾಕಿದಾಗ ಮಾತ್ರ ಭಯ ಕೈಗೆ ಸಿಗುತ್ತದೆ.

ನಷ್ಟ ಏಕೆ ದೊಡ್ಡದಾಗಿ ಕಾಣುತ್ತದೆ

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತ ಈ ವಿಷಯದಲ್ಲಿ ಬುನಾದಿಯಂಥದ್ದು. ನಾಣ್ಯ ಚಿಮ್ಮುವ ಪಂದ್ಯದಲ್ಲಿ ಸೋತರೆ 100 ರೂಪಾಯಿ ಹೋಗುತ್ತದೆ ಎಂದಾದರೆ, ಗೆದ್ದಾಗ ಸುಮಾರು 200 ರೂಪಾಯಿ ಬರುವಂತಿದ್ದರೆ ಮಾತ್ರ ಹೆಚ್ಚಿನವರು ಆಡಲು ಒಪ್ಪುತ್ತಾರೆ. ಕಳೆದುಕೊಳ್ಳುವ ನೋವು ಗಳಿಸುವ ಸುಖಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಗುತ್ತದೆ ಎಂದರ್ಥ. ಈ ಬಗೆಯ ಸಂಶೋಧನೆಗಾಗಿ ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವರ್ಸ್ಕಿ 1996ರಲ್ಲೇ ತೀರಿಕೊಂಡಿದ್ದರು.

ಇದರಿಂದಾಗಿ ಇದ್ದಲ್ಲೇ ಇರುವುದು ನಮಗೆ ಕ್ಷೇಮವೆನಿಸುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇದನ್ನು ವಿಚಿತ್ರ ರೀತಿಯಲ್ಲಿ ಪರೀಕ್ಷಿಸಿದರು. ಕೆಲಸ ಬಿಡಲೇ, ಸಂಬಂಧ ಮುರಿಯಲೇ ಎಂದು ಡೋಲಾಯಮಾನರಾಗಿದ್ದವರಿಗಾಗಿ ಅಂತರ್ಜಾಲದಲ್ಲಿ ನಾಣ್ಯ ಚಿಮ್ಮುವ ವ್ಯವಸ್ಥೆ ಮಾಡಿದರು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಆರು ತಿಂಗಳ ಬಳಿಕ ವಿಚಾರಿಸಿದಾಗ, ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರೇ ಹೆಚ್ಚು ಸಂತೋಷವಾಗಿದ್ದರು. ಆದರೆ ಇದನ್ನು ಎಲ್ಲರಿಗೂ ಅನ್ವಯಿಸಬಾರದು. ಅಲ್ಲಿಗೆ ಬಂದವರೆಲ್ಲ ಮೊದಲೇ ಅರ್ಧ ಮನಸ್ಸು ಮಾಡಿದ್ದವರು.

ಒಂದು ಗ್ಯಾರೇಜು, ಆರು ತಿಂಗಳ ಷರತ್ತು

ಬಯೋಕಾನ್ ಸಂಸ್ಥಾಪಕಿ ಕಿರಣ್ ಮಜುಂದಾರ್ ಷಾ ಅವರ ಕಥೆಯನ್ನು ಕೆಚ್ಚೆದೆಯ ಕಥೆಯಾಗಿಯೇ ಹೇಳುವುದು ವಾಡಿಕೆ. ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಬಿಯರ್ ತಯಾರಿಕೆ ಕಲಿತು ಬಂದ ಅವರಿಗೆ, ಅದು ಗಂಡಸರ ಕೆಲಸವೆಂಬ ಕಾರಣಕ್ಕೆ ಭಾರತದಲ್ಲಿ ಆ ಹುದ್ದೆ ಸಿಗಲಿಲ್ಲ. ಸ್ಕಾಟ್ಲೆಂಡಿನ ಕೆಲಸಕ್ಕೆ ಹೊರಡುವ ಹೊತ್ತಿಗೆ ಐರ್ಲೆಂಡಿನ ಉದ್ಯಮಿ ಲೆಸ್ಲಿ ಆಕಿನ್‌ಕ್ಲಾಸ್, ಭಾರತದಲ್ಲಿ ಜಂಟಿಯಾಗಿ ಕಿಣ್ವಗಳ ಕಂಪನಿ ತೆರೆಯೋಣವೆಂದು ಕರೆದರು. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದೊಂದಿಗೆ ಕೆಲಸ ಶುರುವಾಯಿತು. ಪಪ್ಪಾಯಿಯಿಂದ ಪಪೇನ್ ಎಂಬ ಕಿಣ್ವ ತೆಗೆಯುವುದು ಮೊದಲ ಕೆಲಸಗಳಲ್ಲೊಂದು. ಕಂಪನಿಗೆ ಆಸ್ತಿಯಿಲ್ಲ, ಜೈವಿಕ ತಂತ್ರಜ್ಞಾನವೆಂದರೇನೆಂದು ಗೊತ್ತಿಲ್ಲ, ಮೇಲಾಗಿ ಯಜಮಾನಿ ಹೆಂಗಸು ಎಂದು ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕಿದವು.

ಈ ಕಥೆಯಲ್ಲಿ ಬೇಗನೆ ಮರೆತುಹೋಗುವ ಭಾಗವೇ ನನಗೆ ಮುಖ್ಯವಾಗಿ ಕಾಣುತ್ತದೆ. ಆರು ತಿಂಗಳ ನಂತರ ಮುಂದುವರಿಯಲು ಇಷ್ಟವಿಲ್ಲದಿದ್ದರೆ, ತಾವು ಬಿಟ್ಟುಕೊಡುತ್ತಿದ್ದ ಹುದ್ದೆಗೆ ಸಮನಾದ ಕೆಲಸ ಕೊಡಿಸಬೇಕು ಎಂಬ ಭರವಸೆ ಪಡೆದೇ ಅವರು ಒಪ್ಪಿದ್ದರು. ಧೈರ್ಯ ಇರಲಿಲ್ಲವೆಂದಲ್ಲ, ಆ ಧೈರ್ಯಕ್ಕೆ ಒಂದು ಗಡುವು ಇತ್ತು, ಹಿಂದಕ್ಕೊಂದು ಬಾಗಿಲಿತ್ತು. 2004ರಲ್ಲಿ ಬಯೋಕಾನ್ ಷೇರುಪೇಟೆಗೆ ಬಂದ ಮೊದಲ ದಿನವೇ ಅದರ ಮೌಲ್ಯ 100 ಕೋಟಿ ಡಾಲರ್ ದಾಟಿತು.

ಸೋತೆವೆಂದೇ ಎಣಿಸಿ ನೋಡುವ ಕ್ರಮ

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರ ಲೇಖನವೊಂದರಲ್ಲಿ ಹೇಳಿದ ವಿಧಾನ ಸರಳ, ಖರ್ಚಿಲ್ಲದ್ದು. ಯೋಜನೆ ಶುರುವಾಗುವ ಮೊದಲೇ ಅದು ಪೂರ್ತಿ ನೆಲಕಚ್ಚಿದೆ ಎಂದುಕೊಳ್ಳಬೇಕು. ಪಾಲುದಾರರೆಲ್ಲ ಅದಕ್ಕೆ ಕಾರಣಗಳನ್ನು ಬೇರೆಬೇರೆಯಾಗಿ ಚೀಟಿಯಲ್ಲಿ ಬರೆದು, ಒಬ್ಬೊಬ್ಬರಾಗಿ ಓದಬೇಕು. ‘ಏನಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ ಸಂಕೋಚಕ್ಕೆ ಬಾಯಿ ಬಿಡದವರೂ ಇಲ್ಲಿ ಬರೆಯುತ್ತಾರೆ.

ಹೋಟೆಲು ತೆರೆಯಲಿರುವ ಗಂಡಹೆಂಡಿರು ಹೀಗೆ ಬರೆದರೆ ಚೀಟಿಯಲ್ಲಿ ಬರುವುದೇನು? ಮುಂಗಡ ಕೊಟ್ಟ ಮೇಲೆ ಕಟ್ಟಡದ ಮಾಲೀಕ ಬಾಡಿಗೆ ಏರಿಸಿದ. ಅಡುಗೆ ಭಟ್ಟರು ಬಿಟ್ಟುಹೋದರು. ಮೊದಲ ಎಂಟು ತಿಂಗಳು ಮನೆಖರ್ಚಿಗೆ ಕಾಸಿರಲಿಲ್ಲ. ಮೊದಲನೆಯದಕ್ಕೆ ಕರಾರುಪತ್ರ ಬೇಕು, ಎರಡನೆಯದಕ್ಕೆ ಇಬ್ಬರಲ್ಲೊಬ್ಬರಿಗೆ ಅಡುಗೆ ಬರಬೇಕು, ಮೂರನೆಯದಕ್ಕೆ ಬ್ಯಾಂಕಿನಲ್ಲಿ ಮುಟ್ಟದ ದುಡ್ಡು ಬೇಕು. ರಾತ್ರಿ ನಿದ್ದೆ ಕೆಡಿಸುತ್ತಿದ್ದ ಒಂದೇ ಭಯ ಹೀಗೆ ಮೂರು ಕೆಲಸಗಳಾಗಿ ಒಡೆಯುತ್ತದೆ.

ಭಯಪಡಲೇಬೇಕಾದ ಜಾಗ

ಎಲ್ಲ ಭಯವನ್ನೂ ಗೆಲ್ಲಬೇಕಿಲ್ಲ. ಸ್ವಂತ ಹೆಸರಿನ ಏಕಮಾಲೀಕತ್ವದ ವ್ಯವಹಾರದಲ್ಲಿ ಅಂಗಡಿಯ ಸಾಲವೂ ಮಾಲೀಕನ ಸಾಲವೂ ಕಾನೂನಿನ ದೃಷ್ಟಿಯಲ್ಲಿ ಒಂದೇ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಷೇರುದಾರನ ಹೊಣೆಗೆ ಮಿತಿಯುಂಟು. ಆದರೆ ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟರೆ ಆ ಸಾಲದ ಮಟ್ಟಿಗೆ ಆ ರಕ್ಷಣೆ ಹೋದಂತೆಯೇ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಮೊದಲು ಹಿಡಿಯಿರಿ ಎಂದು ಕೇಳುವ ಹಕ್ಕೂ ಸಾಮಾನ್ಯವಾಗಿ ಅವನಿಗಿಲ್ಲ. ಭಾವಮೈದುನನ ಸಾಲಕ್ಕೆ ಸ್ನೇಹದಿಂದ ಹಾಕಿದ ಸಹಿಗೂ ಇದು ಅನ್ವಯಿಸುತ್ತದೆ.

ಆಸ್ತಿ ಒತ್ತೆಯಿಲ್ಲದೆ ಸಣ್ಣ ಉದ್ದಿಮೆಗಳಿಗೆ ಸಾಲ ಸಿಗಲೆಂದು ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಭಾರತೀಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್) 2000ದಲ್ಲಿ ಸಾಲ ಖಾತರಿ ನಿಧಿ ಟ್ರಸ್ಟನ್ನು ಸ್ಥಾಪಿಸಿವೆ. ವಾಸದ ಮನೆಯ ಪತ್ರ ಒತ್ತೆ ಇಡುವ ಮೊದಲು ಬ್ಯಾಂಕಿನಲ್ಲಿ ಇದರ ಬಗ್ಗೆ ವಿಚಾರಿಸಿ. ಜಾಮೀನು ಪತ್ರದ ಪ್ರತಿಯನ್ನು ಮನೆಗೆ ತಂದು, ಅದರಿಂದ ಬಾಧಿತರಾಗುವವರನ್ನೆಲ್ಲ ಕೂರಿಸಿಕೊಂಡು ಓದಿ, ಆಮೇಲೆ ಸಹಿ ಹಾಕಿ.