ಪ್ರತಿ, ಪಾಠ, ವೇಗ: ಹಳೆಯ ಹಾಸ್ಯ–ಸಾಹಸ ಚಿತ್ರಗಳ ಪುನರುದ್ಧಾರದಲ್ಲಿ ಮನೆಪ್ರತಿಗಳ ಪ್ರಾಮಾಣ್ಯ

ಹಳೆಯ ಸಿನಿಮಾವೊಂದನ್ನು ಮನೆಯಲ್ಲಿ ನೋಡುವ ಡಿಸ್ಕಿಗಾಗಿ ಪುನರುದ್ಧರಿಸುವಾಗ ಮೂಲ ಕ್ಯಾಮೆರಾ ನೆಗೆಟಿವ್ ಸಿಕ್ಕಿತೆಂದರೆ ಪಾಠದ ಪ್ರಶ್ನೆ ಮುಗಿಯಿತು ಎಂಬ ನಂಬಿಕೆ ಬಲವಾಗಿದೆ. ನೆಗೆಟಿವ್, ಅದರಿಂದ ತೆಗೆದ ಪಾಸಿಟಿವ್, ನಕಲು ನೆಗೆಟಿವ್, ಟಾಕೀಸಿನಲ್ಲಿ ಓಡಿದ ಪ್ರಿಂಟು, ಕಡೆಗೆ ವಿಎಚ್‌ಎಸ್ ಕ್ಯಾಸೆಟ್ಟು ಮತ್ತು ವಿಸಿಡಿ, ಹೀಗೆ ಒಂದೊಂದು ಮೆಟ್ಟಿಲು ಇಳಿದಂತೆ ಪ್ರಾಮಾಣ್ಯ ಕುಗ್ಗುತ್ತದೆ ಎಂದು ಎಣಿಸುತ್ತಾರೆ. ಕೊನೆಯ ಮೆಟ್ಟಿಲಿನ ಮನೆಪ್ರತಿಗಳಿಗೆ ಈ ಲೆಕ್ಕದಲ್ಲಿ ಸಾಕ್ಷಿಯ ಸ್ಥಾನವೇ ಇಲ್ಲ. ಚಿತ್ರಿಕೆಯ ಮಟ್ಟಿಗೆ ಈ ಕ್ರಮವನ್ನು ನಾನೂ ಒಪ್ಪುತ್ತೇನೆ. ಆದರೆ ಮೈಯಾಟ, ಏಟು, ಮಾತಿನ ವರಸೆ, ನಗುವಿನ ಬಿಡುವು ಇವುಗಳ ಮೇಲೆ ನಿಂತ ಹಾಸ್ಯ–ಸಾಹಸ ಚಿತ್ರಗಳಲ್ಲಿ ಧ್ವನಿ ಮತ್ತು ಕಾಲದ ಪಾಠವನ್ನು ನಿರ್ಣಯಿಸಲು ಈ ಕ್ರಮ ಸಾಲದು ಎಂಬುದು ಈ ಲೇಖನದ ವಾದ.

ಹಿಂದಿನ ಚರ್ಚೆಯನ್ನು ಚುಟುಕಾಗಿ ಹೇಳಿಬಿಡಬಹುದು. ಚೆಸಾರೆ ಬ್ರಾಂಡಿ 1963ರ ತಮ್ಮ ಪುನರುದ್ಧಾರ ಸಿದ್ಧಾಂತದಲ್ಲಿ ಕಲಾಕೃತಿಯ ದ್ರವ್ಯವನ್ನಷ್ಟೇ ಪುನರುದ್ಧರಿಸಲು ಸಾಧ್ಯ ಎಂದರು. ಪಾವೊಲೊ ಕೆರ್ಕಿ ಉಸಾಯ್ 2001ರ ‘ದ ಡೆತ್ ಆಫ್ ಸಿನಿಮಾ’ದಲ್ಲಿ ಸವೆತವನ್ನೇ ಸಿನಿಮಾದ ಸಹಜ ಧರ್ಮವಾಗಿ ಕಂಡರು. ಜಿಯೊವಾನ್ನಾ ಫೊಸ್ಸಾಟಿ 2009ರ ‘ಫ್ರಮ್ ಗ್ರೇನ್ ಟು ಪಿಕ್ಸೆಲ್’ನಲ್ಲಿ ಡಿಜಿಟಲ್ ಸಂಕ್ರಮಣವನ್ನು ವಿವರಿಸಿದರು. ಕನ್ನಡದಲ್ಲಿ ಈ ಪ್ರಶ್ನೆಗೆ ಬೇಕಾದ ಸಲಕರಣೆ ಇನ್ನೊಂದು ಶಾಸ್ತ್ರದಲ್ಲಿ ಆಗಲೇ ಸಿದ್ಧವಾಗಿತ್ತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಹೊರಬಂದದ್ದು 1964ರಲ್ಲಿ; ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೂ ಅದೇ ವರ್ಷ. ಓಲೆಗರಿಯವರೂ ಫಿಲ್ಮಿನವರೂ ಒಬ್ಬರ ಮನೆಗೊಬ್ಬರು ಹೋಗಲಿಲ್ಲವೆಂಬುದು ನಮ್ಮ ವಿದ್ವತ್ತಿಗೆ ಆದ ನಿಜವಾದ ನಷ್ಟ.

ಕನ್ನಡ ಚಿತ್ರಗಳ ಸ್ಥಿತಿ ಗೊತ್ತಿರುವುದೇ. ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಉಳಿದಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ದೊರೆ–ಭಗವಾನ್ ಅವರ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂದವು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಬೊಲೊನ್ಯಾದ ಸಿನೆಟೆಕಾ ಮೊದಲಾದವರ ಪ್ರಯತ್ನದಿಂದ ಪುನರುದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವ ಸೇರಿತು. ಇವೆರಡು ಬಗೆಯ ಕೆಲಸಗಳನ್ನು ಒಂದೇ ಹೆಸರಿನಿಂದ ಕರೆಯುವುದು ತಪ್ಪು. ಬಣ್ಣದ ‘ಹರಿಶ್ಚಂದ್ರ’ ಒಂದು ಹೊಸ ಪಾಠಪರಂಪರೆ. ಜನ ಅದನ್ನು ಮೆಚ್ಚಿದ್ದಕ್ಕೆ ನನ್ನ ತಕರಾರಿಲ್ಲ, ಆದರೆ ಅದನ್ನು ಪರಿಷ್ಕೃತ ಮೂಲವೆಂದು ಉಲ್ಲೇಖಿಸಲಾಗದು. ಇಷ್ಟರಲ್ಲಿ ವಿದ್ವಾಂಸರ ನಡುವೆ ದೊಡ್ಡ ಭಿನ್ನಾಭಿಪ್ರಾಯ ಇರಲಾರದು.

ವಿವಾದ ಇರುವುದು ಹಾಸ್ಯ–ಸಾಹಸದಲ್ಲಿ. ಈ ಪ್ರಕಾರವನ್ನೇ ಏಕೆ ಬೇರೆ ಎತ್ತಿಕೊಳ್ಳಬೇಕೆಂಬುದಕ್ಕೆ ಉತ್ತರ ತುಮಕೂರು ಸೀಮೆಯಲ್ಲೇ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಹುಡುಗನಾಗಿ ಸೇರಿ 1917ರಲ್ಲಿ ಅದರ ಒಡೆತನ ವಹಿಸಿದ ವೀರಣ್ಣನವರು ಹೆಸರಾದದ್ದು ಮೊದಲಿಗೆ ಹಾಸ್ಯನಟರಾಗಿ. ‘ಸದಾರಮೆ’ಯ ಕಳ್ಳನ ಪಾತ್ರ ಅವರದೇ ಎಂಬಷ್ಟು ಅಂಟಿಕೊಂಡಿತ್ತು. ಆ ನಾಟಕ 1935ರಲ್ಲಿ ಚಿತ್ರವಾಯಿತು. 1954ರ ‘ಬೇಡರ ಕಣ್ಣಪ್ಪ’ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಿನಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಬಂದಾಗ ನಾಯಕ ರಾಜಕುಮಾರ್ ಕಂಪನಿಯ ಗರಡಿಯವರು. ಹಾಸ್ಯಕ್ಕೆ ನಿಂತ ನರಸಿಂಹರಾಜು ಬಾಲ್ಯದಿಂದ ರಂಗದ ಮೇಲೆ ಬೆಳೆದ ತಿಪಟೂರಿನವರು. ಹಾಂಗ್‌ಕಾಂಗಿನಲ್ಲಿ ಯು ಜಿಮ್-ಯುವೆನ್ ನಡೆಸುತ್ತಿದ್ದ ಪೀಕಿಂಗ್ ಒಪೆರಾ ಶಾಲೆಯಲ್ಲಿ ಜಾಕಿ ಚಾನ್, ಸ್ಯಾಮೊ ಹಂಗ್, ಯುವೆನ್ ಬಿಯಾವ್ ಚಿಕ್ಕಂದಿನಿಂದಲೇ ಲಾಗ, ಹಾಡು, ಕತ್ತಿವರಸೆ ಕಲಿತದ್ದು ಇದೇ ಜಾತಿಯ ಶಿಕ್ಷಣ. ಎರಡೂ ಕಡೆ ನಟ ತಾಳದ ಲೆಕ್ಕವನ್ನು ಮೈಯಲ್ಲಿಟ್ಟುಕೊಂಡು ಕ್ಯಾಮೆರಾ ಎದುರು ಬಂದ. ಮಾತು ಮುಗಿಸಿ ಸಭೆ ನಗಲು ಎಷ್ಟು ಹೊತ್ತು ಬಿಡಬೇಕು, ಬಿದ್ದವನು ಯಾವ ಮಾತ್ರೆಗೆ ಏಳಬೇಕು ಎಂಬುದು ಈ ನಟರಿಗೆ ಪಾತ್ರದ ಸಂಭಾಷಣೆಯಷ್ಟೇ ಖಚಿತವಾದ ಪಾಠ. ಭಕ್ತಿಚಿತ್ರವನ್ನೂ ಕುಂಗ್‌ಫೂ ಚಿತ್ರವನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿಲ್ಲ. ಅವುಗಳೊಳಗಿನ ಹಾಸ್ಯದ ಕಾಲಮಾನ ರಂಗಶಿಕ್ಷಣದಿಂದ ಬಂದದ್ದು ಎಂಬುದಷ್ಟೇ ನನಗೆ ಮುಖ್ಯ.

ಬ್ರಾಂಡಿಯ ಸೂತ್ರ ಸೋಲುವುದು ಇಲ್ಲಿ. ಚಿತ್ರಿಕೆಯ ನೆಗೆಟಿವ್ ಮೂಗ. ಧ್ವನಿಯದು ಬೇರೆ ನೆಗೆಟಿವ್. ಅವೆರಡೂ ಕೂಡುವುದು ಪ್ರಿಂಟಿನಲ್ಲಿ. 1970ರ ದಶಕದ ಹಾಂಗ್‌ಕಾಂಗಿನಲ್ಲಿ ಈ ಬಿರುಕು ಇನ್ನೂ ಅಗಲ: ಚಿತ್ರೀಕರಣ ಸದ್ದಿಲ್ಲದೆ ನಡೆದು, ಮಾತು, ಗುದ್ದಿನ ಸಪ್ಪಳ, ತೋಳು ಬೀಸಿದ ಸುಯ್ಲು ಎಲ್ಲವೂ ಆಮೇಲೆ ಸ್ಟುಡಿಯೊದಲ್ಲಿ ಸೇರುತ್ತಿದ್ದವು. ಯುವೆನ್ ವೂ-ಪಿಂಗ್ ನಿರ್ದೇಶಿಸಿದ ‘ಡ್ರಂಕನ್ ಮಾಸ್ಟರ್’ (1978) ಒಳ್ಳೆಯ ನಿದರ್ಶನ. 2017ರಲ್ಲಿ ಬ್ರಿಟನ್ನಿನ ಯುರೇಕಾ ಸಂಸ್ಥೆ 4ಕೆ ಪುನರುದ್ಧಾರವನ್ನು ಆಧರಿಸಿ ಅದರ ಬ್ಲೂ-ರೇ ತಂದಿತು. ಅದಕ್ಕೆ ಮುಂಚಿನ ಡಿವಿಡಿಗಳಲ್ಲಿ ಕ್ಯಾಂಟನೀಸ್ ಧ್ವನಿಪಥ ಅಖಂಡವಾಗಿ ಇರುತ್ತಿರಲಿಲ್ಲ. ನಡುನಡುವೆ ಬೇರೆ ಭಾಷೆಯ ಡಬ್ಬಿಂಗ್ ತುಂಬಿ ಖಾಲಿ ಜಾಗ ಮುಚ್ಚುತ್ತಿದ್ದರು. ಓಲೆಗರಿ ತುಂಡಾದ ಕಡೆ ಇನ್ನೊಂದು ಕಾವ್ಯದ ಪದ್ಯ ಸೇರಿಸಿದಂತಹ ಪ್ರಕ್ಷೇಪ ಇದು. ಹಾಂಗ್‌ಕಾಂಗಿನ ಇತರ ಹಳೆಯ ಚಿತ್ರಗಳು ಡಿಸ್ಕಿಗೆ ಬಂದಾಗ ಒಂದೇ ವಾಹಿನಿಯ ಮೂಲ ಧ್ವನಿಯನ್ನು 5.1ಕ್ಕೆ ಹಿಗ್ಗಿಸಿ, ಗುದ್ದಿಗೆ ಹೊಸ ಸಪ್ಪಳ ಕೂರಿಸಿದ್ದೂ ಉಂಟು. ಚಿತ್ರಿಕೆ ಎಷ್ಟೇ ಶುದ್ಧವಾಗಿದ್ದರೂ ಇಂಥ ಆವೃತ್ತಿಯಲ್ಲಿ ನಾವು ಕೇಳುವುದು ಇನ್ನೊಂದು ಕಾಲದ ಹಾಸ್ಯ.

ಮೊದಲ ಬಿಡುಗಡೆಯ ಧ್ವನಿ ಎಲ್ಲಿ ಸಿಗುತ್ತದೆ? ಎಷ್ಟೋ ಸಲ ಯಾರದೋ ಮನೆಯ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟು ಹೀನಪ್ರತಿ, ಅನುಮಾನವಿಲ್ಲ. ಆದರೆ ಆ ಹೀನಪ್ರತಿಯ ಮಾತೃಕೆ ಹಳೆಯ ಪ್ರಿಂಟು ಆಗಿರಬಹುದು. ಜಾರ್ಜಿಯೊ ಪಾಸ್ಕ್ವಾಲಿ 1934ರ ತಮ್ಮ ಪಾಠವಿಮರ್ಶೆಯ ಗ್ರಂಥದಲ್ಲಿ ಮಂಡಿಸಿದ ತತ್ತ್ವ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಈಚಿನ ಹಸ್ತಪ್ರತಿ ಈಚಿನದೆಂಬ ಕಾರಣಕ್ಕೇ ಕೀಳಲ್ಲ, ಅದು ಯಾವುದನ್ನು ನೋಡಿ ಬರೆದದ್ದೆಂಬುದು ಮುಖ್ಯ. ಸಿನಿಮಾದಲ್ಲಿ ಇದಕ್ಕೆ ದೊಡ್ಡ ಪುರಾವೆಯೂ ಇದೆ. ಫ್ರಿಟ್ಜ್ ಲಾಂಗ್ ಅವರ ‘ಮೆಟ್ರೊಪೊಲಿಸ್’ (1927) ಚಿತ್ರದ ಕಳೆದುಹೋಗಿದ್ದ ಸುಮಾರು 25 ನಿಮಿಷಗಳ ಭಾಗ 2008ರಲ್ಲಿ ಪತ್ತೆಯಾದದ್ದು ಬ್ಯೂನಸ್ ಐರಿಸ್‌ನಲ್ಲಿದ್ದ, ಗೀರುಗಳಿಂದ ತುಂಬಿದ 16 ಮಿ.ಮೀ. ನಕಲಿನಲ್ಲಿ. 2010ರ ಪುನರುದ್ಧಾರ ಆ ಗೀರುಗಳ ಸಮೇತವೇ ಅದನ್ನು ಒಳಗೊಂಡಿತು.

ಈ ತತ್ತ್ವವನ್ನು ಕನ್ನಡದ ವಿಸಿಡಿಗಳಿಗೆ ಹಚ್ಚುವ ಮುನ್ನ ಒಂದು ಅಡ್ಡಿ ಎದುರಾಗುತ್ತದೆ. ವಿರೋಧಿ ಪಕ್ಷದ ಅತ್ಯಂತ ಗಟ್ಟಿಯಾದ ಆಕ್ಷೇಪವೂ ಅದೇ: ಮನೆಪ್ರತಿಯ ವೇಗವೇ ಸುಳ್ಳು. ಫಿಲ್ಮ್ ಓಡುವುದು ಸೆಕೆಂಡಿಗೆ 24 ಚೌಕಟ್ಟು. ನಮ್ಮ ದೇಶದ ಪಾಲ್ ಪದ್ಧತಿಯ ವಿಡಿಯೊ ಓಡುವುದು 25. ಫಿಲ್ಮನ್ನು ವಿಡಿಯೊಗೆ ಇಳಿಸುವ ಟೆಲಿಸಿನಿಯಲ್ಲಿ ಚಿತ್ರ ಶೇ. 4ಕ್ಕಿಂತ ತುಸು ಹೆಚ್ಚು ವೇಗಗೊಳ್ಳುತ್ತದೆ. ಶ್ರುತಿ ಅರ್ಧಸ್ವರಕ್ಕಿಂತ ತುಸು ಕಡಿಮೆ ಅಂತರದಷ್ಟು ಮೇಲೇರುತ್ತದೆ. ಸಾಹಸದೃಶ್ಯದಲ್ಲಿ ಇದು ದುಪ್ಪಟ್ಟು ತೊಡಕು, ಏಕೆಂದರೆ ಅವನ್ನು ಬೇಕೆಂದೇ ಕಡಿಮೆ ಚೌಕಟ್ಟಿನಲ್ಲಿ ತೆಗೆಯುವ ರೂಢಿಯಿತ್ತು. 22ರಲ್ಲಿ ತೆಗೆದದ್ದು ಟಾಕೀಸಿನಲ್ಲಿ ಶೇ. 9ರಷ್ಟು ಚುರುಕಾಗಿ ಕಾಣುತ್ತದೆ, ಅದು ನಿರ್ದೇಶಕನ ಪಾಠ, ವಿಸಿಡಿಯಲ್ಲಿ ಶೇ. 13ನ್ನೂ ದಾಟುತ್ತದೆ, ಆ ಹೆಚ್ಚಳ ಲಿಪಿಕಾರನ ಪಾಠ.

ಆಕ್ಷೇಪ ನಿಜ. ಆದರೆ ಅದು ಸಾಕ್ಷಿಯನ್ನು ತಳ್ಳಿಹಾಕಲು ಕಾರಣವಾಗದು, ಏಕೆಂದರೆ ಈ ದೋಷ ಕ್ರಮಬದ್ಧ, ಅಳೆಯಬಹುದಾದದ್ದು. ಅಳತೆಗೋಲೂ ನಮ್ಮಲ್ಲೇ ಇದೆ. ಚಿತ್ರದ ಮೊದಲಿಗೆ ತೆರೆಯ ಮೇಲೆ ಬರುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ರೀಲುಗಳ ಸಂಖ್ಯೆಯೂ ಅಡಿ ಅಥವಾ ಮೀಟರಿನಲ್ಲಿ ಉದ್ದವೂ ಇರುತ್ತದೆ. 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. 4,000 ಮೀಟರಿನ ಚಿತ್ರ ಟಾಕೀಸಿನಲ್ಲಿ 146 ನಿಮಿಷ, ಪಾಲ್ ವಿಡಿಯೊದಲ್ಲಿ 140 ನಿಮಿಷ. ಹಾಗಾಗಿ ವಿಸಿಡಿ 140 ನಿಮಿಷವಿದ್ದರೆ ಅದು ಸಮಗ್ರ. 130 ಇದ್ದರೆ ಹತ್ತು ನಿಮಿಷಕ್ಕೆ ಕತ್ತರಿ ಬಿದ್ದಿದೆ. ಕಥೆಯ ಎಳೆಗೆ ಹೊರತಾಗಿ ನಿಲ್ಲುವ ಹಾಸ್ಯದೃಶ್ಯಗಳು ಇಂಥ ಕತ್ತರಿಗೆ ಸುಲಭವಾಗಿ ಸಿಗುತ್ತವೆ. ಓಲೆಗರಿಯ ಪುಷ್ಪಿಕೆ ಕೊನೆಯಲ್ಲಿರುತ್ತದೆ, ಸಿನಿಮಾದ್ದು ಮೊದಲಲ್ಲಿ. ಅದನ್ನು ಓದದೆ ಮುಂದೆ ಹೋಗುವ ಸಂಪಾದಕ ಕೈಗೆ ಸಿಕ್ಕ ಆಧಾರವನ್ನು ಬಿಟ್ಟುಕೊಟ್ಟಂತೆ.

ಇನ್ನೊಂದು ಅಳತೆ ಧ್ವನಿಯೊಳಗೇ ಅಡಗಿದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಮೂಲ ಧ್ವನಿಮುದ್ರಣದಲ್ಲಿ ಆ ಗುಂಯ್‌ಗುಡುವಿಕೆ ಸೇರಿಕೊಂಡಿದ್ದರೆ ಪಾಲ್ ಪ್ರತಿಯಲ್ಲಿ ಅದು 52ರ ಆಸುಪಾಸಿಗೆ ಏರಿರುತ್ತದೆ. ವಿಡಿಯೊಗೆ ಇಳಿಸುವಾಗ ಸೇರಿದ ಗುಂಯ್‌ ಮಾತ್ರ 50ರಲ್ಲೇ ನಿಂತಿರುತ್ತದೆ. ಎರಡೂ ಕಂಡರೆ ಎರಡು ಕೈಗಳ ಬರಹ ಬೇರೆಬೇರೆಯಾಗಿ ಕಂಡಂತಾಯಿತು. ಹಾಡುಗಳ ಮಟ್ಟಿಗೆ ಗ್ರಾಮಫೋನ್ ತಟ್ಟೆಯ ಶ್ರುತಿಯನ್ನೂ ಹೋಲಿಸಬಹುದು.

ಹೀಗೆ ತಿದ್ದಿದ ಮನೆಪ್ರತಿ, ಧ್ವನಿ ಮತ್ತು ದೃಶ್ಯಾನುಕ್ರಮದ ವಿಷಯದಲ್ಲಿ, ಉತ್ತಮ ಸ್ಥಿತಿಯ ನೆಗೆಟಿವ್‌ಗಿಂತ ಹೆಚ್ಚಿನ ಪ್ರಾಮಾಣ್ಯ ಪಡೆಯಬಲ್ಲದು: ಇದು ನನ್ನ ಪ್ರತಿಪಾದನೆ. ಇದಕ್ಕೆ ಮಿತಿಗಳನ್ನು ಕೂಡಲೇ ಹಾಕಬೇಕು. ಮೊದಲನೆಯದಾಗಿ, ಮರುಬಿಡುಗಡೆಯ ಹೊತ್ತಿಗೆ ನೆಗೆಟಿವ್‌ಗೇ ಕತ್ತರಿ ಬಿದ್ದಿದೆ ಅಥವಾ ಧ್ವನಿ ಬದಲಾಗಿದೆ ಎಂದು ಸ್ವತಂತ್ರ ಆಧಾರದಿಂದ ತೋರಿಸಿದ ಮೇಲಷ್ಟೇ ಈ ಮಾತು ಸಲ್ಲುತ್ತದೆ. ಮನೆಪ್ರತಿಯೇ ಕತ್ತರಿಸಿದ ಪ್ರಿಂಟಿನಿಂದ ಇಳಿದಿರಬಹುದು. ಆಗ ಅದರ ಮೌನ ಏನನ್ನೂ ಸಾಧಿಸುವುದಿಲ್ಲ. ಗ್ರಾಮಫೋನ್ ತಟ್ಟೆಯ ಹಾಡು ಚಿತ್ರದ ಹಾಡಿನದೇ ಮುದ್ರಣವೆಂದು ಊಹಿಸಲಾಗದು, ತಟ್ಟೆ ತಿರುಗಿದ ವೇಗವೂ ಖಚಿತವಲ್ಲ. 1950ರ ದಶಕದ ಮದರಾಸು ಸ್ಟುಡಿಯೊಗಳಲ್ಲಿ ಮಾತನ್ನು ಚಿತ್ರೀಕರಣದ ಜೊತೆಗೇ ಮುದ್ರಿಸುವುದು ವಾಡಿಕೆಯಾಗಿದ್ದರಿಂದ ‘ಬೇಡರ ಕಣ್ಣಪ್ಪ’ದಂಥ ಚಿತ್ರಕ್ಕೆ ಹಾಂಗ್‌ಕಾಂಗಿನ ತರ್ಕ ಪೂರ್ತಿಯಾಗಿ ಹೊಂದದು, ಅಲ್ಲಿ ಧ್ವನಿ ನೆಗೆಟಿವ್ ಉಳಿದಿದ್ದರೆ ಅದಕ್ಕೇ ಅಗ್ರಸ್ಥಾನ. ಶೇ. 4ರ ವ್ಯತ್ಯಾಸವೊಂದರಿಂದಲೇ ನಗೆ ಸಾಯುತ್ತದೆಂದೂ ನಾನು ಹೇಳುತ್ತಿಲ್ಲ. ಎರಡು ಸೆಕೆಂಡಿನ ಬಿಡುವಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ.

ನಗೆಯನ್ನು ಹೆಚ್ಚು ಕೆಡಿಸುವುದು ಶುದ್ಧೀಕರಣದ ಅತ್ಯುತ್ಸಾಹ. ಹಿಸ್ ಸದ್ದನ್ನು ಪೂರ್ತಿ ಒರೆಸಿದಾಗ ಮಾತುಗಳ ನಡುವಿನ ಬಿಡುವು ಸತ್ತ ನಿಶ್ಶಬ್ದವಾಗುತ್ತದೆ; ನರಸಿಂಹರಾಜು ಅಂಥವರು ಸಭೆಯ ನಗುವಿಗೆಂದು ಬಿಟ್ಟ ಜಾಗದಲ್ಲಿ ಯಂತ್ರ ಕೆಟ್ಟಿತೇನೋ ಎನಿಸುತ್ತದೆ. ಚಿತ್ರಿಕೆಯಲ್ಲೂ ಇದೇ ಕಥೆ. ಧೂಳು ತೆಗೆಯುವ ತಂತ್ರಾಂಶ ಒಂದೇ ಚೌಕಟ್ಟಿನಲ್ಲಿ ಕಾಣಿಸಿ ಮರೆಯಾಗುವುದನ್ನೆಲ್ಲ ಕೊಳೆಯೆಂದು ಎಣಿಸುತ್ತದೆ. ಸಿಡಿದ ನೀರಹನಿ, ಹಾರಿದ ಬಟ್ಟಲ ಚೂರು, ಬಾಣದ ತುದಿ ಅದರ ಕಣ್ಣಿಗೆ ಕೊಳೆಯೇ. ಅರ್ಥವಾಗದ ಪದವನ್ನು ಸುಲಭದ ಪದದಿಂದ ತಿದ್ದುವ ಬುದ್ಧಿವಂತ ಲಿಪಿಕಾರನ ಬಗ್ಗೆ ಗ್ರಂಥಸಂಪಾದಕರು ಎಚ್ಚರಿಸುತ್ತ ಬಂದದ್ದು ಇಂಥದಕ್ಕೇ; ಕ್ಲಿಷ್ಟಪಾಠಕ್ಕೆ ಆದ್ಯತೆ ಎಂಬ ನಿಯಮ ಚೌಕಟ್ಟಿಗೂ ಸಲ್ಲಬೇಕು. ಮಸುಕಾದ ವಿಸಿಡಿ ಇಲ್ಲೂ ಉಪಯೋಗಕ್ಕೆ ಬಂದೀತು, 352×288 ಚುಕ್ಕಿಗಳ ಅದರ ಚಿತ್ರಿಕೆಯಲ್ಲಿ ಹಾರಿದ್ದು ಏನೆಂದು ತಿಳಿಯುವಷ್ಟು ಉಳಿದಿದ್ದರೆ.

ಉಳಿದ ಪ್ರಶ್ನೆಗಳು ಸಣ್ಣವಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲೂ ಮುಚ್ಚಿದ ಕ್ಯಾಸೆಟ್ ಅಂಗಡಿಗಳಲ್ಲೂ ಇರಬಹುದಾದ ಪ್ರತಿಗಳ ಪಟ್ಟಿ ಆಗಬೇಕಾಗಿದೆ. ತೇವಕ್ಕೆ ಅಂಟಿಕೊಂಡ ಟೇಪು ಹೆಚ್ಚು ಕಾಲ ಕಾಯುವುದಿಲ್ಲ, ಹಾಗಾಗಿ ಈ ಕೆಲಸ ಮೊದಲು ನಡೆಯಬೇಕು. ಒಂದೇ ಚಿತ್ರದ ಎರಡು ಧ್ವನಿಪಾಠಗಳು ಸಿಕ್ಕಿ, ಎರಡನೆಯದರಲ್ಲಿ ನಟನೇ ತನ್ನ ಮಾತನ್ನು ಮತ್ತೆ ಡಬ್ ಮಾಡಿದ್ದರೆ ಕವಿಯೇ ತಿದ್ದಿದ ಪಾಠ ಎದುರಾದಂತೆ. ಅದನ್ನು ಪ್ರಕ್ಷಿಪ್ತವೆಂದು ಬದಿಗಿಡಲಾಗದು. ಡಿಸ್ಕಿನಲ್ಲಿ ಎರಡನ್ನೂ ಕೊಡಲು ಜಾಗವಿದೆ, ಆದರೆ ಗುಂಡಿ ಒತ್ತಿದ ಕೂಡಲೇ ಕೇಳಿಸಬೇಕಾದದ್ದು ಯಾವುದೆಂಬ ಪ್ರಶ್ನೆಗೆ ಇಲ್ಲಿ ಮಂಡಿಸಿದ ತತ್ತ್ವಗಳಿಂದ ಉತ್ತರ ಹೊರಡುವುದಿಲ್ಲ.